ಇ-ಸಿಗರೇಟಿನ ದ್ರವದಲ್ಲಿ ಏನೇನಿರುತ್ತದೆ?

ಕೋತಗಿರಿ: ನೆಗಡಿಯಾದರೆ ಬಿಸಿನೀರಿಗೆ ನಾಲ್ಕು ಹನಿ ನೀಲಗಿರಿ ತೈಲ ಹಾಕಿ ಆವಿ ಹಿಡಿಯುವುದು ನಮ್ಮ ಬೆಟ್ಟದವರಿಗೆ ಹೊಸದಲ್ಲ. ಅದಕ್ಕೇ ಇ-ಸಿಗರೇಟು ಸೇದುವ ಹುಡುಗರು 'ಇದೂ ಬರೀ ಆವಿ' ಎಂದರೆ ಮನೆಯವರು ನಂಬಿಬಿಡುವುದು ಸುಲಭ. ಆದರೆ ಅದು ನೀರಾವಿಯಲ್ಲ.

ಆ ದ್ರವದ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಎರಡನ್ನೂ ತಿಂಡಿ, ಔಷಧಿಗಳಲ್ಲಿ ಬಳಸುತ್ತಾರೆ, ಮಾರುವವರು ಹೇಳುವುದೂ ಅದನ್ನೇ. ಹೊಟ್ಟೆಗೆ ಒಗ್ಗಿದ್ದು ಶ್ವಾಸಕೋಶಕ್ಕೆ ಒಗ್ಗಬೇಕೆಂದೇನಿಲ್ಲ. ಒಳಗಿನ ತಂತಿ ಸುರುಳಿ ಹೆಚ್ಚು ಕಾದರೆ ಇವೇ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಎಂಬ ವಿಷಗಳಾಗುತ್ತವೆ.

ಪರಿಮಳದ್ದು ಇನ್ನೊಂದು ಕಥೆ. ಬೆಣ್ಣೆಯ ವಾಸನೆ ಕೊಡುವ ಡಯಾಸಿಟೈಲ್ ತಿನ್ನಲು ತೊಂದರೆಯಿಲ್ಲ. ಅದರ ಹೊಗೆ ಉಸಿರಾಡಿದ ಅಮೆರಿಕದ ಮಿಸ್ಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಿಗೆ ಸಣ್ಣ ಶ್ವಾಸನಾಳಗಳು ಕಟ್ಟಿಕೊಳ್ಳುವ ರೋಗ ಬಂದದ್ದು 2000ದಲ್ಲಿ ಬೆಳಕಿಗೆ ಬಂತು. ಕೆಲವು ಇ-ಸಿಗರೇಟು ದ್ರವಗಳಲ್ಲೂ ಇದೇ ಡಯಾಸಿಟೈಲ್ ಸಿಕ್ಕಿದೆ.

ಎಣ್ಣೆಯಂತೂ ಶ್ವಾಸಕೋಶಕ್ಕೆ ಇಳಿಯಲೇಬಾರದು. ದ್ರವಕ್ಕೆ ನೀಲಗಿರಿ ತೈಲ ಬೆರೆಸುವ ಸಾಹಸ ಬೇಡ. ಅಮೆರಿಕದಲ್ಲಿ 2020ರ ಫೆಬ್ರವರಿ ಹೊತ್ತಿಗೆ 68 ಮಂದಿಯನ್ನು ಬಲಿ ತೆಗೆದುಕೊಂಡ ಕಾಯಿಲೆಗೆ, ಗಾಂಜಾ ಸಾರದ ದ್ರವಕ್ಕೆ ಬೆರೆಸಿದ್ದ ಎಣ್ಣೆಯಂಥ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ತಿಳಿದುಬಂತು.

ನಿಕೋಟಿನ್ ಚಟ ಹಿಡಿಸುತ್ತದೆ. 'ನಿಕೋಟಿನ್ ಇಲ್ಲ' ಎಂಬ ಚೀಟಿಯಿದ್ದ ಸೀಸೆಗಳಲ್ಲೂ ಅದು ಸಿಕ್ಕಿದ್ದುಂಟು. ಮಗು ಕುಡಿದರೆ ಪ್ರಾಣಕ್ಕೇ ಅಪಾಯ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಕರ್ನಾಟಕ 2016ರಲ್ಲಿ, ತಮಿಳುನಾಡು 2018ರಲ್ಲಿ, ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ನಿಷೇಧಿಸಿವೆ. ಗಡಿಯ ಆಚೆಗೂ ಈಚೆಗೂ ಒಂದೇ ಕಾನೂನು: ಮಾರಿದವರಿಗೆ ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಕದ್ದು ಬರುವ ಸೀಸೆಯ ಚೀಟಿ ನಿಜವೋ ಸುಳ್ಳೋ ಎಂದು ಪರೀಕ್ಷಿಸುವವರಿಲ್ಲ. ಬಿಡಲು ನೆರವು ಬೇಕಾದವರಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ: 1800-11-2356.