ಊರಿನ ಹೊತ್ತು, ರೈಲಿನ ಹೊತ್ತು
ಯಂತ್ರಗಳು ನಮ್ಮ ದಿನಚರಿಯನ್ನು ತಿದ್ದುವ ಬಗೆಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಗಡಿಯಾರವೊಂದು ಸಾಕ್ಷಿಯಾಗಿದೆ. ಎಕ್ಸ್‌ಚೇಂಜ್ ಕಟ್ಟಡದಲ್ಲಿರುವ ಅದಕ್ಕೆ ನಿಮಿಷದ ಮುಳ್ಳುಗಳು ಎರಡು: ಒಂದು ಊರಿನ ಹೊತ್ತಿಗೆ, ಮತ್ತೊಂದು ಅದಕ್ಕಿಂತ ಹತ್ತು ನಿಮಿಷ ಮುಂದಿರುವ ಲಂಡನ್ನಿನ ಹೊತ್ತಿಗೆ.

ಪೂರ್ವದ ಊರಿಗೆ ಮಧ್ಯಾಹ್ನವು ಮೊದಲು ಬರುವುದಷ್ಟೆ. ಕುದುರೆಗಾಡಿಯ ಪ್ರಯಾಣಿಕನಿಗೆ ಈ ಅಂತರವು ಲೆಕ್ಕಕ್ಕಿರಲಿಲ್ಲ. 1841ರಲ್ಲಿ ಲಂಡನ್ನಿನಿಂದ ಬ್ರಿಸ್ಟಲಿನವರೆಗೂ ರೈಲು ಓಡತೊಡಗಿತು; ಓಡಿದುದು ಲಂಡನ್ನಿನ ಹೊತ್ತಿಗೆ. ತನ್ನೂರಿನ ಗಡಿಯಾರವನ್ನು ನಂಬಿದವನಿಗೆ ಗಾಡಿ ತಪ್ಪುವುದು ಖಂಡಿತ. ಸಾಮಾನ್ಯ ಮನುಷ್ಯನು ನಿಮಿಷಕ್ಕೆ ಅಂಜಲು ಕಲಿತುದು ಆಗಲೇ ಎಂದು ನನಗೆ ತೋರುತ್ತದೆ.

ಗಾಡಿ ತಪ್ಪಿದರೆ ಮತ್ತೊಂದಿದೆ, ವ್ಯಾಜ್ಯ ತಪ್ಪಿದರೆ? 1858ರಲ್ಲಿ ಡಾರ್ಚೆಸ್ಟರಿನ ನ್ಯಾಯಸ್ಥಾನದಲ್ಲಿ ಒಂದು ಮೊಕದ್ದಮೆಯು ಹತ್ತು ಗಂಟೆಗೆ ಗೊತ್ತಾಗಿತ್ತು. ಗ್ರೀನಿಚ್ ಹೊತ್ತಿನಂತೆ ಹತ್ತು ದಾಟಿದರೂ ಪ್ರತಿವಾದಿಯು ಬರಲಿಲ್ಲವೆಂದು ನ್ಯಾಯಾಧಿಪತಿಗಳು ಅವನಿಗೆ ವಿರುದ್ಧವಾಗಿ ತೀರ್ಪಿತ್ತರು. ಅವನು ಬಂದಾಗ ಊರಿನ ಗಡಿಯಾರದಲ್ಲಿ ಇನ್ನೂ ಹತ್ತು ಮೀರಿರಲಿಲ್ಲ! ಹತ್ತು ಗಂಟೆಯೆಂದರೆ ಆಯಾ ಊರಿನ ಹತ್ತು ಗಂಟೆಯೆಂದು ಮೇಲಿನ ನ್ಯಾಯಸ್ಥಾನವು ನಿರ್ಣಯಿಸಿ, ಮರುವಿಚಾರಣೆಗೆ ಅಪ್ಪಣೆಮಾಡಿತು.

ಸೂರ್ಯನಿಗೆ ದೊರೆತ ಆ ಜಯವು ಬಹುಕಾಲ ನಿಲ್ಲಲಿಲ್ಲ. ಬ್ರಿಸ್ಟಲ್ 1852ರಲ್ಲಿಯೇ ಲಂಡನ್ನಿನ ಹೊತ್ತಿಗೆ ಒಪ್ಪಿತ್ತು. 1880ರಲ್ಲಿ ಪಾರ್ಲಿಮೆಂಟು ಗ್ರೀನಿಚ್ ಹೊತ್ತನ್ನೇ ಬ್ರಿಟನ್ನಿಗೆಲ್ಲ ಶಾಸನವಾಗಿ ವಿಧಿಸಿತು. ಊರಿನ ಮುಳ್ಳು ಮಾತ್ರ ಬ್ರಿಸ್ಟಲಿನಲ್ಲಿ ಇನ್ನೂ ಇದೆ.