ಎಚ್‌ಇಪಿ ಓದು ಮತ್ತು ವೈಟ್‌ಫೀಲ್ಡ್‌ನ ಚರಿತ್ರೆ

ನಮ್ಮ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಹಲವರು ಮುಂದೆ ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಬಿ.ಎ. ಓದಿದೆವು. "ಬೇರೆ ಸೀಟು ಸಿಗಲಿಲ್ಲವೇ?" ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಯನ್ನೂ ಅರ್ಥಶಾಸ್ತ್ರವನ್ನೂ ಜೊತೆಗಿಟ್ಟು ಓದಿದ ಮೇಲೆಯೇ ನನಗೆ ನಮ್ಮ ಸೀಮೆಯ ಚರಿತ್ರೆ ತಿಳಿಯಿತು.

ವೈಟ್‌ಫೀಲ್ಡ್ ಹುಟ್ಟಿದ್ದೇ ಹೊರನಾಡಿನ ನಂಟಿನಿಂದ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು. ಸಂಘದ ಸ್ಥಾಪಕ ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಉಳಿಯಿತು.

ಇನ್ನೊಂದು ದೊಡ್ಡ ಬದಲಾವಣೆಯ ಬೇರು ಕುವೈತ್‌ನಲ್ಲಿದೆ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ತೈಲದ ಬೆಲೆ ಏರಿತು. ಅಲ್ಲಿ ದುಡಿಯುತ್ತಿದ್ದ ಭಾರತೀಯರು ಊರಿಗೆ ಮರಳಿದರು, ಅವರು ಕಳಿಸುತ್ತಿದ್ದ ಹಣ ನಿಂತಿತು. ರೂಪಾಯಿಯಲ್ಲೇ ವ್ಯಾಪಾರ ಮಾಡುತ್ತಿದ್ದ ಸೋವಿಯತ್ ಒಕ್ಕೂಟ ಕುಸಿಯತೊಡಗಿತ್ತು. ದೇಶದ ಬಳಿ ಕೆಲವೇ ವಾರಗಳ ಆಮದಿಗಾಗುವಷ್ಟು ವಿದೇಶಿ ವಿನಿಮಯ ಉಳಿಯಿತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಅಡವಿಟ್ಟು ಸಾಲ ತಂದಿತು. ಅದೇ ತಿಂಗಳು ರೂಪಾಯಿಯ ಮೌಲ್ಯವನ್ನು ಎರಡು ಬಾರಿ ಇಳಿಸಲಾಯಿತು. 24ರಂದು ಮನಮೋಹನ ಸಿಂಗ್ ಮಂಡಿಸಿದ ಬಜೆಟ್ ವಿದೇಶಿ ಬಂಡವಾಳಕ್ಕೆ ದಾರಿ ತೆರೆಯಿತು. ರಾಜ್ಯಶಾಸ್ತ್ರದವರು ಇದನ್ನು ಯುದ್ಧದ ಕಥೆ ಎನ್ನಬಹುದು, ಅರ್ಥಶಾಸ್ತ್ರದವರು ಪಾವತಿ ಶಿಲ್ಕಿನ ಕಥೆ ಎನ್ನಬಹುದು. ಒಂದನ್ನು ಬಿಟ್ಟರೆ ಇನ್ನೊಂದು ಅರ್ಥವಾಗದು.

ಆಗ ಪ್ರಧಾನಿ ನರಸಿಂಹ ರಾಯರು ಪೂರ್ವದ ದೇಶಗಳತ್ತ ಸ್ನೇಹ ಬೆಳೆಸುತ್ತಿದ್ದರು. ಚಿಕ್ಕ ದೇಶವಾದ ಸಿಂಗಪುರ ತನ್ನ ಬಂಡವಾಳಕ್ಕೆ ಹೊರಗೆ ಜಾಗ ಹುಡುಕುತ್ತಿತ್ತು. 1992ರಲ್ಲಿ ಎರಡೂ ಸರ್ಕಾರಗಳ ನಡುವೆ ಮೂಡಿದ ಆಲೋಚನೆ, 1994ರಲ್ಲಿ ಜಂಟಿ ಕಂಪನಿಯಾಯಿತು: ಸಿಂಗಪುರದ ಕಂಪನಿಗಳ ಕೂಟಕ್ಕೆ ಶೇ. 40, ಟಾಟಾಗೆ ಶೇ. 40, ಕರ್ನಾಟಕಕ್ಕೆ ಶೇ. 20 ಪಾಲು. ಪಟ್ಟಂದೂರು ಅಗ್ರಹಾರದ ಬಳಿ ಎದ್ದ ಆ ಕಟ್ಟಡಗಳನ್ನೇ ನಾವು ಐಟಿಪಿಎಲ್ ಎನ್ನುತ್ತೇವೆ. ನಮ್ಮ ಹಿರಿಯರಿಗೆ ಸರ್ವೆ ನಂಬರು ಗೊತ್ತಿತ್ತು, ಎಕರೆ ಗುಂಟೆಯ ಲೆಕ್ಕ ಗೊತ್ತಿತ್ತು. ಆ ಎಕರೆಗೆ ಇದ್ದಕ್ಕಿದ್ದಂತೆ ಬೇಡಿಕೆ ಎಲ್ಲಿಂದ ಬಂತೆಂದು ಹೇಳುವವರು ಬೇಕಿತ್ತು.

ಈಗಲೂ ಬೇಕು. 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದಾಗ ಇಲ್ಲಿನ ಐಟಿ ನೌಕರರಿಗೂ ಆತಂಕವಾಯಿತು. ವೀಸಾ ನಿಯಮವೋ ಸುಂಕವೋ ಬದಲಾದರೆ ಇಂಜಿನಿಯರಿಗಷ್ಟೇ ಅಲ್ಲ, ಅವರನ್ನು ನಂಬಿದ ಕ್ಯಾಬ್ ಚಾಲಕ, ಪಿಜಿ ನಡೆಸುವವರು, ಬಾಡಿಗೆ ಮನೆಯವರು ಎಲ್ಲರಿಗೂ ಬಿಸಿ ತಟ್ಟುತ್ತದೆ.

ಈ ಎರಡು ವಿಷಯಗಳನ್ನು ಜೊತೆಯಾಗಿ ಹಿಡಿದ ಹಿರಿಯರೊಬ್ಬರು ನಮ್ಮಲ್ಲೇ ಇದ್ದರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್, ವಿಶ್ವಸಂಸ್ಥೆಯ ಆರ್ಥಿಕಾಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿ ಬಡ ದೇಶಗಳಿಗೆ ಸುಲಭ ಷರತ್ತಿನ ಸಾಲ ಸಿಗಬೇಕೆಂದು 1949ರಲ್ಲೇ ವಾದಿಸಿದರು. 1960ರಲ್ಲಿ ವಿಶ್ವಬ್ಯಾಂಕಿನಡಿ ಅದಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿತು. 1972ರಲ್ಲಿ ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಕಟ್ಟಿದರು.

ಅದು ನಾಗರಬಾವಿಯಲ್ಲಿದೆ. ಪಕ್ಕದ ಜ್ಞಾನಭಾರತಿಯಲ್ಲಿ 2017ರಿಂದ ಡಾ. ಬಿ.ಆರ್. ಅಂಬೇಡ್ಕರ್ ಅರ್ಥಶಾಸ್ತ್ರ ಶಾಲೆಯೂ ಇದೆ. ನಮ್ಮ ಶಾಲೆಯ ಮಕ್ಕಳು ಎಚ್‌ಇಪಿಯನ್ನು ಅಂಜಿಕೆಯಿಲ್ಲದೆ ಆರಿಸಿಕೊಂಡು, ಅಲ್ಲಿಯವರೆಗೂ ಹೋಗಲಿ. ಮುಂದಿನ ಒಪ್ಪಂದ ನಮ್ಮೂರ ಬಾಗಿಲಿಗೆ ಬಂದಾಗ ಅದನ್ನು ಓದಿ ಹೇಳಬಲ್ಲವರು ನಮ್ಮವರೇ ಆಗಿರಲಿ.