ಕಿಲ್ಟ್ ಉಟ್ಟು ಬೆಳಗ್ಗೆ ವಿಮಾನ, ಸಂಜೆ ರೈಲು

(1/6)
ಫೋಟೋ ನೋಡಿ ನಗು ಬಂತಾ? ನನಗೂ ಬಂದಿತ್ತು.

ನಮ್ಮ ದೊಡ್ಡಮ್ಮನ ಮಗಳು ಎಡಿನ್‌ಬರೋದಲ್ಲಿ ಓದ್ತಿದ್ದಾಳೆ. ಹೋದ ತಿಂಗಳು ಒಂದು ದಿನದ ಕೆಲಸಕ್ಕೆ ಲಂಡನ್‌ಗೆ ಹೋಗಿಬಂದಳು. ಬೆಳಗ್ಗೆ ವಿಮಾನ, ವಾಪಸ್ ಸಂಜೆ ರೈಲು. ಏರ್‌ಪೋರ್ಟ್ ಕ್ಯೂನಲ್ಲಿ ಅವಳ ಮುಂದೆ ಕಿಲ್ಟ್ ಉಟ್ಟ ಹಿರಿಯರೊಬ್ಬರು ನಿಂತಿದ್ದರಂತೆ. ಗೇಟ್ ಹತ್ತಿರ ಅವರನ್ನ ಕೇಳಿಯೇ ಫೋಟೋ ತೆಗೆದು ನನಗೆ ಕಳಿಸಿದಳು, ಮುಖ ಬಿಟ್ಟು. ನಾನು ಜಾಣನ ಥರ "ಅಂಕಲ್‌ಗೆ ಸ್ಕರ್ಟ್ ಸೂಪರ್" ಅಂತ ಸ್ಟೇಟಸ್ ಹಾಕಿದೆ. ನಿಮ್ಮಲ್ಲಿ ಮೂವತ್ತು ಜನ ನಗುವ ಇಮೋಜಿ ಕಳಿಸಿದ್ರಿ, ನೆನಪಿದೆಯಾ?

ಅಕ್ಕ ಒಂದೇ ಸಾಲು ಬರೆದಳು: "ಅದನ್ನ ಉಟ್ಟಿದ್ದಕ್ಕೇ ಜನ ಜೈಲಿಗೆ ಹೋಗಿದ್ರು ಕಣೋ, ಸ್ವಲ್ಪ ಓದ್ಕೋ."

ಸ್ಟೇಟಸ್ ಡಿಲೀಟ್ ಮಾಡಿದೆ. ಕಾಸ್ಟಿಂಗ್ ಇಂಟರ್ನಲ್ಸ್ ಇದ್ದರೂ ಓದಿದೆ. ಓದಿದ್ದು ಇಲ್ಲಿದೆ.

(2/6)
ಮೊದಲು ಬಟ್ಟೆ. ಅಮ್ಮನ ಸೀರೆ ಆರು ಗಜ ಅಲ್ವಾ? ಒಳ್ಳೆಯ ಕಿಲ್ಟ್‌ಗೆ ಸುಮಾರು ಎಂಟು ಗಜ ಉಣ್ಣೆ ಬಟ್ಟೆ ಬೇಕು. ಹಿಂದೆಲ್ಲಾ ನಿರಿಗೆ, ಮುಂದೆ ಮಾತ್ರ ಸಪಾಟು. ಸೀಟಲ್ಲಿ ಕೂರುವಾಗ ಕೈಯಿಂದ ಹಿಂದಿನ ನಿರಿಗೆ ಸವರಿಕೊಂಡೇ ಕೂರಬೇಕು, ಇಲ್ಲಾಂದ್ರೆ ಇಳಿಯುವಷ್ಟರಲ್ಲಿ ಮುದ್ದೆ. ಜೇಬು ಇರಲ್ಲ. ಅದಕ್ಕೇ ಸೊಂಟದ ಮುಂದೆ ಸರಪಳಿಯಲ್ಲಿ ನೇತಾಡುವ ಚರ್ಮದ ಚೀಲ, ಅದರ ಹೆಸರು ಸ್ಪೋರನ್. ಸೆಕ್ಯುರಿಟಿಯಲ್ಲಿ ಆ ಚೀಲ, ಸರಪಳಿ, ಬೆಲ್ಟಿನ ದೊಡ್ಡ ಬಕಲ್, ಕಿಲ್ಟ್ ಪಿನ್ ಎಲ್ಲಾ ಬಿಚ್ಚಿ ಟ್ರೇಗೆ ಹಾಕಿ ಆ ಹಿರಿಯರು ಸಮಾಧಾನವಾಗಿ ನಿಂತಿದ್ದರಂತೆ.

ಕಾಲುಚೀಲದಲ್ಲಿ ಸಿಕ್ಕಿಸಿಕೊಳ್ಳುವ ಚಿಕ್ಕ ಚೂರಿ ಸ್ಕೀನ್ ಡೂ. ರಾಷ್ಟ್ರೀಯ ಉಡುಪಿನ ಭಾಗ ಅಂತ ಅದನ್ನ ಬೀದಿಯಲ್ಲಿ ಧರಿಸೋಕೆ ಅಲ್ಲಿನ ಕಾನೂನಿನಲ್ಲಿ ವಿನಾಯಿತಿ ಇದೆ. ವಿಮಾನದ ಕ್ಯಾಬಿನ್‌ಗೆ ಮಾತ್ರ ಬಿಡಲ್ಲ. ಬ್ಯಾಗ್ ಚೆಕ್-ಇನ್ ಮಾಡದವರು ಅದನ್ನ ಮನೆಯಲ್ಲೇ ಬಿಟ್ಟು ಬರಬೇಕು.

ಈ ಹೊಲಿದ ಚಿಕ್ಕ ಕಿಲ್ಟ್ ತೀರಾ ಹಳೆಯದಲ್ಲ. ಮೊದಲು ಇದ್ದದ್ದು ಹೊಲಿಯದ ಉದ್ದನೆಯ ಕಂಬಳಿಯಂಥ ಬಟ್ಟೆ. ಸೊಂಟಕ್ಕೆ ಬೆಲ್ಟ್ ಕಟ್ಟಿ ಕೆಳಗೆ ನಿರಿಗೆ, ಮಿಕ್ಕಿದ್ದು ಹೆಗಲ ಮೇಲೆ. ರಾತ್ರಿ ಅದೇ ಹೊದಿಕೆ. 1720ರ ದಶಕದ ಕೊನೆಗೆ ಹೈಲ್ಯಾಂಡ್ಸ್‌ನಲ್ಲಿ ಕಬ್ಬಿಣದ ಕುಲುಮೆ ನಡೆಸ್ತಿದ್ದ ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷ್ ವ್ಯಾಪಾರಿ, ಕೆಲಸಗಾರರಿಗೆ ಅಡ್ಡಿಯಾಗುತ್ತೆ ಅಂತ ಮೇಲಿನ ಅರ್ಧ ತೆಗೆಸಿದ ಅನ್ನೋ ಕಥೆ ಇದೆ. ಸ್ಕಾಟ್ಲೆಂಡ್‌ನಲ್ಲಿ ಎಲ್ಲರೂ ಒಪ್ಪಲ್ಲ. ಒಪ್ಪೋದು ಕಷ್ಟವೇ ಬಿಡಿ.

(3/6)
ಈಗ ಜೈಲಿನ ವಿಷಯ.

1746ರ ಏಪ್ರಿಲ್ 16. ಕಲ್ಲೋಡನ್ ಬಯಲು. ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್‌ನ ಪರವಾಗಿ ದಂಗೆ ಎದ್ದಿದ್ದವರು, ಅವರಲ್ಲಿ ಹೆಚ್ಚಿನವರು ಹೈಲ್ಯಾಂಡರ್‌ಗಳು, ಒಂದು ಗಂಟೆಯೊಳಗೆ ಸೋತುಹೋದರು. ಗೆದ್ದ ಸರ್ಕಾರ ಆಯುಧ ಕಿತ್ತುಕೊಂಡದ್ದಷ್ಟೇ ಅಲ್ಲ, ಬಟ್ಟೆಗೂ ಕೈಹಾಕಿತು. 1747ರ ಆಗಸ್ಟ್ 1ರಿಂದ ಗಂಡಸರು, ಹುಡುಗರು ಹೈಲ್ಯಾಂಡ್ ಉಡುಪು ಹಾಕುವ ಹಾಗಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಜಾಮೀನಿಲ್ಲ. ಎರಡನೇ ಸಲಕ್ಕೆ ಏಳು ವರ್ಷ ಸಮುದ್ರದಾಚೆಯ ತೋಟಗಳಿಗೆ ಗಡಿಪಾರು. ಹೆಂಗಸರಿಗೆ ಈ ನಿಷೇಧ ಇರಲಿಲ್ಲ.

ಇನ್ನೊಂದು ವಿನಾಯಿತಿ ಇತ್ತು. ಅದನ್ನ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಸೈನಿಕರು ಕಿಲ್ಟ್ ಉಡಬಹುದು. ಅಂದರೆ ತಾತನ ಬಟ್ಟೆ ಉಡಬೇಕಾ? ಹಾಗಾದ್ರೆ ತಾತನನ್ನ ಸೋಲಿಸಿದ ರಾಜನ ಸೇನೆಗೆ ಸೇರು, ಅವನು ಹೇಳಿದ ದೇಶಕ್ಕೆ ಹೋಗು.

ಆ ದೇಶಗಳಲ್ಲಿ ಒಂದು ನಮ್ಮದು.

(4/6)
ಶ್ರೀರಂಗಪಟ್ಟಣ ಟ್ರಿಪ್ ನೆನಪು ಮಾಡ್ಕೊಳ್ಳಿ. ದರಿಯಾ ದೌಲತ್ ಗೋಡೆ ಮೇಲೆ ದೊಡ್ಡ ಯುದ್ಧದ ಚಿತ್ರ, ಕೆಂಪು ಕೋಟಿನವರನ್ನ ನಮ್ಮವರು ಸುತ್ತುವರಿದಿರೋದು. ಅದು 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಯುದ್ಧ, ಕಾಂಚೀಪುರದ ಹತ್ತಿರ. ಹೈದರ್ ಮತ್ತು ಟಿಪ್ಪು ಬೈಲಿಯ ಪಡೆಯನ್ನ ಚಿಂದಿ ಮಾಡಿದ ದಿನ. ಆ ಪಡೆಯಲ್ಲಿ ಮ್ಯಾಕ್ಲಾಯ್ಡ್ ಹೈಲ್ಯಾಂಡರ್ಸ್ ಎಂಬ ರೆಜಿಮೆಂಟಿನ ಎರಡು ಕಂಪನಿಗಳಿದ್ದವು. ಅದೇ ವರ್ಷದ ಶುರುವಿನಲ್ಲಿ ಮದ್ರಾಸಿಗೆ ಬಂದಿಳಿದವರು. ಬದುಕುಳಿದವರು ಸೆರೆ ಸಿಕ್ಕರು. ಅವರಲ್ಲೊಬ್ಬ ಕ್ಯಾಪ್ಟನ್ ಡೇವಿಡ್ ಬೇರ್ಡ್. 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ.

ಇಸವಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಸ್ಕಾಟ್ಲೆಂಡ್‌ನಲ್ಲಿ ಉಡುಪಿನ ನಿಷೇಧ ರದ್ದಾಗಿದ್ದು 1782ರ ಜುಲೈ 1ಕ್ಕೆ. ಆ ಹೊತ್ತಿಗೆ ಇವರು ಕಾವೇರಿ ದ್ವೀಪದ ಕೋಟೆಯೊಳಗೆ. ಮನೆಗೆ ಹೋಗಿ ಕಿಲ್ಟ್ ಉಡಬಹುದು ಅಂತ ಕಾನೂನು ಬದಲಾದಾಗ, ಸೈನಿಕರಾಗಿದ್ದಕ್ಕೇ ಅದನ್ನ ಉಡುವ ಹಕ್ಕಿದ್ದ ಜನ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಸೆರೆಯಲ್ಲಿದ್ದರು! ಇದೇ ಬೇರ್ಡ್ 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು. ಟಿಪ್ಪು ಸತ್ತ ದಿನ. ಶತ್ರು ಅಂತ ಅವರನ್ನ ಬೈಯೋದು ಸುಲಭ, ಬೈಯಲೂ ಬೇಕು. ಆದರೆ ಅವರಲ್ಲಿ ಎಷ್ಟೋ ಜನ ಸೋತ ಊರಿನ ಮೊಮ್ಮಕ್ಕಳು ಅನ್ನೋದು ಗೊತ್ತಾದ ಮೇಲೆ ಆ ಗೋಡೆಚಿತ್ರ ನನಗೆ ಬೇರೆ ಥರ ಕಾಣ್ತಿದೆ.

(5/6)
ಇಲ್ಲಿ ಬಿಕಾಂ ಬುದ್ಧಿಗೆ ಒಂದು ಬಿಲ್: 1,354 ಪೌಂಡ್ 18 ಶಿಲ್ಲಿಂಗ್.

1822ರ ಆಗಸ್ಟ್‌ನಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಸುಮಾರು 170 ವರ್ಷದ ನಂತರ ಅಲ್ಲಿಗೆ ಬಂದ ಮೊದಲ ರಾಜ. ಇಡೀ ಕಾರ್ಯಕ್ರಮದ ಉಸ್ತುವಾರಿ ಕಾದಂಬರಿಕಾರ ವಾಲ್ಟರ್ ಸ್ಕಾಟ್‌ದು. ಎಲ್ಲರೂ ಹೈಲ್ಯಾಂಡ್ ಉಡುಪಿನಲ್ಲಿ ಬನ್ನಿ ಅಂದ. ರಾಜನೂ ಕಿಲ್ಟ್ ಉಟ್ಟ, ಕೆಳಗೆ ಗುಲಾಬಿ ಬಣ್ಣದ ಬಿಗಿ ಕಾಲುಡುಗೆ ಹಾಕಿಕೊಂಡು. ಮೇಲಿನ ಮೊತ್ತ ಅವನ ಆ ಒಂದು ವೇಷದ್ದು. ಕಲ್ಲೋಡನ್‌ನಲ್ಲಿ ಹೈಲ್ಯಾಂಡರ್‌ಗಳನ್ನ ಸೋಲಿಸಿದ ಸೇನಾಪತಿ ಕಂಬರ್ಲ್ಯಾಂಡ್ ಯಾರು ಗೊತ್ತಾ? ಈ ರಾಜನ ಮುತ್ತಾತನ ಮಗ, ತಾತನ ತಮ್ಮ.

ಆಮೇಲೆ ಮಾರ್ಕೆಟಿಂಗ್. ಒಂದೊಂದು ಕುಲಕ್ಕೂ ಒಂದೊಂದು ಚೌಕಳಿ ಅಂತೀವಲ್ಲ, ಅದರಲ್ಲಿ ಬಹಳಷ್ಟು ಗಟ್ಟಿಯಾಗಿದ್ದು ಈ ಕಾಲದಲ್ಲೇ. ಬ್ಯಾನಕ್‌ಬರ್ನ್‌ನ ವಿಲ್ಸನ್ ನೇಯ್ಗೆ ಕಂಪನಿಯಲ್ಲಿ ಬರೀ ನಂಬರ್ ಇದ್ದ ಡಿಸೈನ್‌ಗಳಿಗೂ ಕುಲದ ಹೆಸರು ಬಂತು. ಅದೇ ದಶಕಗಳಲ್ಲಿ ಸದರ್ಲ್ಯಾಂಡ್‌ನಂಥ ಕಡೆ ಕುರಿ ಸಾಕಣೆಗೆ ಜಾಗ ಬೇಕು ಅಂತ ಸಾವಿರಾರು ಹೈಲ್ಯಾಂಡ್ ಕುಟುಂಬಗಳನ್ನ ಜಮೀನುದಾರರು ಒಕ್ಕಲೆಬ್ಬಿಸಿದರು. ಗ್ಲೆನ್‌ಗ್ಯಾರಿಯ ಒಡೆಯ ಮ್ಯಾಕ್‌ಡೊನೆಲ್ 1815ರಲ್ಲಿ "ನಿಜವಾದ ಹೈಲ್ಯಾಂಡರ್‌ಗಳ ಸಂಘ" ಕಟ್ಟಿದ. ತನ್ನ ಒಕ್ಕಲುಗಳನ್ನ ಎಬ್ಬಿಸಿದವನೂ ಅವನೇ. ಬಟ್ಟೆ ಉಳೀತು, ಉಡುವ ಜನ ಹಡಗು ಹತ್ತಿದರು.

ಎರಡನೇ ಫೋಟೋದಲ್ಲಿರೋದು ರಾಜನ ಆ ಕಿಲ್ಟ್ ಚಿತ್ರ, ಡೇವಿಡ್ ವಿಲ್ಕಿ ಬರೆದದ್ದು. ಮೂರನೇದು ಟಿಪ್ಪುವಿನ ದೇಹವನ್ನ ಬೇರ್ಡ್ ಕಂಡುಹಿಡಿದ ಚಿತ್ರ, 1839ರದ್ದು. ಕಲಾವಿದನ ಹೆಸರು ನೋಡಿ. ಹೌದು, ಅದೇ ವಿಲ್ಕಿ.

(6/6)
ಸಂಜೆ ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ಅಕ್ಕ ರೈಲು ಹತ್ತಿದಳು. ನಾಲ್ಕೂವರೆ ಗಂಟೆ ಹತ್ತಿರದ ಪ್ರಯಾಣ. ಬೋಗಿಯಲ್ಲಿ ಮತ್ತಿಬ್ಬರು ಕಿಲ್ಟ್ ಉಟ್ಟವರು, ಮದುವೆ ಊಟ ಮುಗಿಸಿ ಬಂದವರು. ಒಬ್ಬ ನಮ್ಮ ವಯಸ್ಸಿನ ಹುಡುಗ. ಯಾರೂ ತಿರುಗಿ ನೋಡಲಿಲ್ಲವಂತೆ, ಟಿಕೆಟ್ ನೋಡುವವರೂ ಕೂಡ.

ಎಡಿನ್‌ಬರೋದಲ್ಲಿ ರೈಲು ನಿಲ್ಲುವ ಸ್ಟೇಷನ್ ಹೆಸರು ವೇವರ್ಲಿ. ಅದು ಸ್ಕಾಟ್‌ನ ಕಾದಂಬರಿಗಳಿಂದ ಬಂದ ಹೆಸರು. ಮೊದಲ 'ವೇವರ್ಲಿ' 1814ರದ್ದು, ಕಲ್ಲೋಡನ್‌ನಲ್ಲಿ ಮುಗಿದ ಆ ದಂಗೆಯದ್ದೇ ಕಥೆ. ಆ ಹುಡುಗ ಎದ್ದು, ಹಿಂದಿನ ನಿರಿಗೆ ಎರಡು ಸಲ ಕೊಡವಿ, ಸ್ಪೋರನ್‌ನಿಂದ ಟಿಕೆಟ್ ತೆಗೆದು ಗೇಟ್ ದಾಟಿ ಹೋದ.

ನನ್ನ ಹಳೇ ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಯಾರ ಹತ್ತಿರ ಇದೆಯೋ, ದಯವಿಟ್ಟು ಡಿಲೀಟ್ ಮಾಡ್ರಪ್ಪಾ.